ಸ್ಟಾರ್ ಹೊಲಿಯೋಕೆ ಹೋದ್ರೆ ಇಡ್ಲಿ ಆಯ್ತು: ಕ್ರಿಸ್‌ಮಸ್ ಗಿಫ್ಟಿಗೆ ಬಟ್ಟೆ ಅಲಂಕಾರ

ಪ್ರಶ್ನೆ: ಅಕ್ಕ ನಮಸ್ತೆ. ನಮ್ದು ಕೆಜಿಎಫ್, ರಾಬರ್ಟ್‌ಸನ್‌ಪೇಟೆ. ಈ ಸಲ ಕ್ರಿಸ್‌ಮಸ್‌ಗೆ ನಮ್ಮ ಸಂಡೇ ಸ್ಕೂಲ್ ಮಕ್ಕಳು 30 ಜನಕ್ಕೆ, ಆಫೀಸಲ್ಲಿ ಐದಾರು ಜನಕ್ಕೆ, ಟ್ರೀಗೆ ನೇತಾಕೋ ಥರ ಪುಟ್ಟ ಬಟ್ಟೆ ಅಲಂಕಾರ ನಾನೇ ಹೊಲ್ದು ಕೊಡೋಣ ಅಂತ ಆಸೆ. ಅತ್ತೆಯವರ ಕಾಲಲ್ಲಿ ತುಳಿಯೋ ಹಳೇ ಕಪ್ಪು ಮಿಷನ್ ಇದೆ, ಬ್ಲೌಸ್ ಹೊಲಿಯೋಕೆ ಬರಲ್ಲ ಆದ್ರೆ ನೇರ ಹೊಲಿಗೆ ಬರುತ್ತೆ. ವಿಡಿಯೋ ನೋಡ್ಕೊಂಡು ಕೆಂಪು ಬಟ್ಟೇಲಿ ಒಂದು ಸ್ಟಾರ್ ಹೊಲ್ದೆ. ಒಂದು ತುದೀನೂ ಚೂಪಾಗ್ಲಿಲ್ಲ, ಫೈಬರ್ ತುಂಬೋವಾಗ ಪಕ್ಕದಲ್ಲಿ ಹೊಲಿಗೆ ಬಿಟ್ಕೊಂಡ್ತು, ಕೈಯೆಲ್ಲಾ ಕೆಂಪು ಬಣ್ಣ ಬೇರೆ. ನಮ್ಮನೆಯವ್ರು ನೋಡಿ ಇದೇನು ಇಡ್ಲೀನಾ ಅಂದ್ರು. ಬೆಳಿಗ್ಗೆ ಟ್ರೈನಲ್ಲಿ ಬೆಂಗಳೂರಿಗೆ ಹೋದ್ರೆ ರಾತ್ರೀನೇ ಬರೋದು, ಟೈಮ್ ಕಮ್ಮಿ. ಹಳೇ ಕಾಟನ್ ಸೀರೆ, ಎರಡ್ಮೂರು ರೇಷ್ಮೆ ಬ್ಲೌಸ್ ಪೀಸ್ ಇದಾವೆ. ಎಲ್ಲಿ ತಪ್ಪಾಯ್ತು, ಈಗ ಏನ್ ಮಾಡ್ಲಿ?

ಉತ್ತರ:

ನೀವು ಕಳಿಸಿದ ಸ್ಟಾರ್ ಫೋಟೋ ನೋಡ್ದೆ. ನಗು ಬಂತು, ಬೇಜಾರ್ ಮಾಡ್ಕೋಬೇಡಿ, ಯಾಕಂದ್ರೆ ನಾನು ಕೋಲಾರದಲ್ಲಿ ಟೈಲರಿಂಗ್ ಕ್ಲಾಸ್ ಶುರು ಮಾಡಿದ್ ವರ್ಷ ಹೊಲ್ದಿದ್ ಸ್ಟಾರ್ ಇದಕ್ಕಿಂತ ಗುಂಡಗಿತ್ತು. ನಿಮ್ ಕೈಯಲ್ಲಿ ತಪ್ಪಿಲ್ಲ, ನೀವು ಆರಿಸ್ಕೊಂಡ ಆಕಾರದಲ್ಲಿ ತಪ್ಪಿದೆ. ಬಟ್ಟೆ ಅಲಂಕಾರದಲ್ಲಿ ಸ್ಟಾರ್ ಅನ್ನೋದು ಕೊನೇ ಪಾಠ, ವಿಡಿಯೋದವ್ರು ಮಾತ್ರ ಅದನ್ನೇ ಮೊದಲನೇ ಪಾಠ ಅಂತ ತೋರಿಸ್ತಾರೆ, ನೋಡೋಕೆ ಚೆನ್ನಾಗಿರುತ್ತಲ್ಲ ಅದಕ್ಕೆ. ಲೆಕ್ಕ ಹಾಕಿ ನೋಡಿ, ಒಂದು ಸ್ಟಾರಿಗೆ ಹೊರಗಡೆ ಐದು ಚೂಪು, ಒಳಗಡೆ ಐದು ಸಂದಿ, ಒಟ್ಟು 10 ಕಡೆ ಬಟ್ಟೆ ತಿರುಗ್ಬೇಕು, ಹತ್ತೂ ಕಡೆ ಕತ್ತರಿ ಹಾಕ್ಬೇಕು. 30 ಸ್ಟಾರ್ ಅಂದ್ರೆ 300 ಮೂಲೆ. ಅದೇ ಕ್ರಿಸ್‌ಮಸ್ ಟ್ರೀ ಆಕಾರ, ಅಂದ್ರೆ ಬರೀ ಒಂದು ತ್ರಿಕೋನ, ಅದಕ್ಕೆ ಮೂರೇ ಮೂಲೆ, ಸಂದಿ ಒಂದೂ ಇಲ್ಲ, ಎಲ್ಲಾ ನೇರ ಹೊಲಿಗೆ. ನಿಮಗೆ ಬರೋದೇ ನೇರ ಹೊಲಿಗೆ ಅಂತೀರ. ಹಾಗಾಗಿ ಮಕ್ಕಳಿಗೆ 30ಕ್ಕೆ 30ನ್ನೂ ಟ್ರೀ ಮಾಡಿ, ಆಫೀಸಿನವ್ರಿಗೆ ಬೇಕಾದ್ರೆ ಬೇರೆ ಏನಾದ್ರೂ ಮಾಡೋಣ, ಅದನ್ನ ಆಮೇಲೆ ಹೇಳ್ತೀನಿ. ಒಂದ್ ಬೆಲ್ಲು, ಒಂದ್ ಹಾರ್ಟು, ಒಂದ್ ಹಕ್ಕಿ ಅಂತ ಹತ್ತು ಥರ ಮಾಡೋಕೆ ಹೋದ್ರೆ ಯಾವುದಕ್ಕೂ ಕೈ ಕೂರಲ್ಲ, ಮಕ್ಕಳೂ ನಂಗೆ ಅದು ಬೇಕಿತ್ತು ಇದು ಬೇಕಿತ್ತು ಅಂತ ಜಗಳ ಆಡ್ತಾರೆ.

ಈಗ ಆ ಸ್ಟಾರಿಗೆ ಏನಾಯ್ತು ಅಂತ ಹೇಳ್ಬಿಡ್ತೀನಿ. ಪಕ್ಕ ಬಿಟ್ಕೊಂಡಿದ್ದು ಹೊಲಿಗೆ ಉದ್ದ ಇದ್ದಿದ್ದಕ್ಕೆ. ಸೀರೆ ಫಾಲು, ಲಂಗ ಇಂಥದ್ದು ಹೊಲಿಯೋಕೆ ಇಂಚಿಗೆ 10 ಹೊಲಿಗೆ ಬಿದ್ರೆ ಸಾಕು, ಆದ್ರೆ ಒಳಗೆ ಏನಾದ್ರೂ ತುರುಕಿ ತುಂಬೋ ಸಾಮಾನಿಗೆ ಇಂಚಿಗೆ 13-14 ಆದ್ರೂ ಬೀಳ್ಬೇಕು, ಇಲ್ಲಾಂದ್ರೆ ತುಂಬಿದಾಗ ಎರಡು ಹೊಲಿಗೆ ಮಧ್ಯ ಬಾಯಿ ಬಿಡುತ್ತೆ. ನಿಮ್ ಮಿಷನ್ನಿಗೆ ಯಾವ ನಂಬರ್ ಇಡ್ಬೇಕು ಅಂತ ಕೇಳ್ಬೇಡಿ, ಹಳೇ ಮಿಷನ್ನಲ್ಲಿ ಅಲ್ಲಿ ಬರ್ದಿರೋ ನಂಬರಿಗೂ ಬೀಳೋ ಹೊಲಿಗೆಗೂ ಸಂಬಂಧಾನೇ ಇರಲ್ಲ ಎಷ್ಟೋ ಸಲ. ಒಂದು ಚಿಂದಿ ಬಟ್ಟೆ ಮೇಲೆ ನಾಲ್ಕಿಂಚು ಹೊಲ್ದು, ಸ್ಕೇಲ್ ಇಟ್ಟು, ಒಂದು ಇಂಚಿನೊಳಗೆ ಎಷ್ಟು ಬಿತ್ತು ಅಂತ ಎಣಿಸಿ, ಹೊಲಿಗೆ ಉದ್ದ ಹೆಚ್ಚು ಕಮ್ಮಿ ಮಾಡೋ ಸ್ಕ್ರೂನ ಸ್ವಲ್ಪ ಸ್ವಲ್ಪ ಸರಿಸ್ತಾ 13-14ಕ್ಕೆ ತನ್ನಿ. ಸೂಜಿ 14 ನಂಬರ್ ಕಾಟನ್ನಿಗೆ ಸರಿ, ಹೊಸ ಸೂಜಿ ಹಾಕಿ, ಅತ್ತೆಯವರ ಕಾಲದಿಂದ ಅದೇ ಸೂಜಿ ಇದ್ರೆ ಮೊನೆ ಮೊಂಡಾಗಿರುತ್ತೆ. ದಾರಾನೂ ಅಷ್ಟೇ, ಡಬ್ಬೀಲಿ ಹತ್ತು ವರ್ಷದಿಂದ ಕೂತಿರೋ ಕಾಟನ್ ದಾರ ಎರಡೂ ಕೈಯಲ್ಲಿ ಹಿಡ್ದು ಜಗ್ಗಿ ನೋಡಿ, ಪಟ್ ಅಂತ ಹರಿದ್ರೆ ಅದನ್ನ ಕಚ್ಚಾ ಹೊಲಿಗೆಗೆ ಇಟ್ಕೊಳಿ, ಇದಕ್ಕೆ ಪಾಲಿಸ್ಟರ್ ದಾರ ತನ್ನಿ.

ತುದಿ ಚೂಪಾಗದೇ ಇದ್ದಿದ್ದು ಒಳಗಡೆ ಮಾರ್ಜಿನ್ ಬಟ್ಟೆ, ಅಂದ್ರೆ ಹೊಲಿಗೆ ಗೆರೆಯಿಂದ ಆಚೆ ಬಿಡೋ ಬಟ್ಟೆ, ಗುಡ್ಡೆ ಬಿದ್ದಿದ್ದಕ್ಕೆ. ಉಲ್ಟಾ ಸೈಡಲ್ಲಿ ಹೊಲ್ದು ತಿರುಗಿಸ್ತೀವಲ್ಲ, ಆಗ ಹೊರಗಿದ್ದ ಮಾರ್ಜಿನ್ ಪೂರ್ತಿ ಆ ಚಿಕ್ಕ ಮೂಲೆ ಒಳಗೆ ಹೋಗಿ ಕೂರ್ಬೇಕು, ಜಾಗ ಎಲ್ಲಿದೆ? ನೀವು ಕತ್ತರಿ ಮೊನೆ ಹಾಕಿ ಒಳಗಿಂದ ಚುಚ್ಚಿದೀರ ಅಂತ ಫೋಟೋದಲ್ಲೇ ಗೊತ್ತಾಗ್ತಿದೆ, ಒಂದು ತುದೀಲಿ ತೂತು ಬಿದ್ದಿದೆ. ಚುಚ್ಚಿದ್ರೆ ಚೂಪಾಗಲ್ಲ, ತಿರುಗಿಸೋಕೆ ಮುಂಚೇನೇ ಆ ಗುಡ್ಡೆ ಬಟ್ಟೇನ ಕತ್ತರಿಸಿ ತೆಗೀಬೇಕು. ಇಡೀ ಕೆಲಸದ ಗುಟ್ಟು ಇರೋದೇ ಅಲ್ಲಿ, ತಿರುಗಿಸೋಕೆ ಮುಂಚೆ. ತಿರುಗಿಸಿದ ಮೇಲೆ ಯಾವ ಬ್ರಹ್ಮ ಬಂದ್ರೂ ಸರಿ ಮಾಡೋಕಾಗಲ್ಲ.

ಒಂದು ಟ್ರೀ ಹೆಂಗೆ ಹೊಲಿಯೋದು ಅಂತ ಪೂರ್ತಿ ಹೇಳ್ತೀನಿ, ನಿಧಾನಕ್ಕೆ ಓದ್ಕೊಳಿ.

ಮೊದಲು ಮಕ್ಕಳ ನೋಟ್‌ಬುಕ್ ರಟ್ಟು ಇರುತ್ತಲ್ಲ, ಅಥವಾ ಮದುವೆ ಇನ್ವಿಟೇಷನ್ ದಪ್ಪ ಕಾರ್ಡು, ಅದರಲ್ಲಿ ಒಂದು ತ್ರಿಕೋನ ಕತ್ತರಿಸಿ, ಬುಡ ಮೂರೂವರೆ ಇಂಚು, ಎತ್ತರ ನಾಲ್ಕೂವರೆ ಇಂಚು. ಇದು ಹೊಲಿಗೆ ಬೀಳೋ ಗೆರೆ ಅಳತೆ, ಮಾರ್ಜಿನ್ ಇದರಲ್ಲಿ ಸೇರಿಲ್ಲ. ಆಮೇಲೆ ಬಟ್ಟೇನ ಸೀದಾ ಸೈಡು ಒಳಗೆ ಬರೋ ಹಾಗೆ ಜೋಡಿ ಮಾಡಿ, ಐದೂವರೆ ಇಂಚು ಅಗಲದ ಪಟ್ಟಿ ಕತ್ತರಿಸಿ. ಈ ಪಟ್ಟಿ ಮೇಲೆ ರಟ್ಟಿಟ್ಟು ಪೆನ್ಸಿಲ್ಲಲ್ಲೋ ಚಾಕಲ್ಲೋ ಗೆರೆ ಎಳೀತಾ ಹೋಗಿ, ಒಂದು ಟ್ರೀ ನೆಟ್ಟಗೆ, ಪಕ್ಕದ್ದು ತಲೆಕೆಳಗೆ, ಮತ್ತೆ ನೆಟ್ಟಗೆ, ಹೀಗೆ, ಒಂದಕ್ಕೊಂದು ಅರ್ಧ ಇಂಚು ಜಾಗ ಬಿಟ್ಟು. ಪನ್ನ, ಅಂದ್ರೆ ಅಗಲ, 44 ಇಂಚು ಇರೋ ಬಟ್ಟೆ ಆದ್ರೆ ಒಂದು ಪಟ್ಟೀಲಿ 16 ಆರಾಮಾಗಿ ಕೂರುತ್ತೆ, ಎರಡು ಪಟ್ಟಿಗೆ 32. ಜೋಡಿ ಪದರ ಅಲ್ವಾ, ಹಾಗಾಗಿ ಎರಡು ಪಟ್ಟಿಗೆ ಬೇಕಾಗೋದು ಒಟ್ಟು 22 ಇಂಚು ಬಟ್ಟೆ, ಮುಕ್ಕಾಲು ಮೀಟರ್ ತಗೊಂಡ್ರೆ ಧಾರಾಳ. ಅಂಗಡೀಲಿ ಎರಡು ಮೀಟರ್ ಬೇಕಾಗುತ್ತೆ ಅಂದ್ರೆ ನಂಬಬೇಡಿ.

ಇನ್ನೂ ಕತ್ತರಿಸ್ಬೇಡಿ. ಇಲ್ಲೇ ತುಂಬಾ ಜನ ಎಡವೋದು, ಪುಟ್ಟ ಪುಟ್ಟ ತ್ರಿಕೋನ ಕತ್ತರಿಸ್ಕೊಂಡು ಆಮೇಲೆ ಜೋಡಿಸಿ ಹೊಲಿಯೋಕೆ ಹೋಗ್ತಾರೆ, ಅದು ಮಿಷನ್ ಕೆಳಗೆ ಜಾರುತ್ತೆ, ಹಲ್ಲಿಗೆ ಸಿಕ್ಕಾಕೊಳುತ್ತೆ, ಮೇಲಿಂದು ಕೆಳಗಿಂದು ಕೂಡಲ್ಲ. ಪಟ್ಟಿ ಪಟ್ಟಿಯಾಗೇ ಇರ್ಲಿ, ಗೆರೆ ಮೇಲೆ ಹೊಲಿಯಿರಿ, ಎಲ್ಲಾ ಹೊಲ್ದಾದ ಮೇಲೆ ಕತ್ತರಿಸಿ. ಅರ್ಧ ಕಷ್ಟ ಅಲ್ಲೇ ಹೋಯ್ತು.

ಹೊಲಿಯೋಕೆ ಮುಂಚೆ ಒಂದು ಕೆಲಸ ಇದೆ, ನೇತಾಕೋ ದಾರ. ಇದನ್ನ ಎಲ್ರೂ ಕೊನೇಲಿ ಮೇಲಿಂದ ಹೊಲೀತಾರೆ ಇಲ್ಲಾ ಗಮ್ ಹಾಕಿ ಅಂಟಿಸ್ತಾರೆ, ಎರಡು ದಿನಕ್ಕೆ ಕಿತ್ಕೊಂಡು ಬರುತ್ತೆ. ಮೊದಲೇ ಹಾಕ್ಬೇಕು. ಸಣ್ಣ ಸ್ಯಾಟಿನ್ ರಿಬ್ಬನ್, ಏಳು ಇಂಚಿನ ತುಂಡು, ಎರಡು ಮಡಿಕೆ ಮಾಡಿ. ಅದರ ಮಡಿಕೆ ಭಾಗ ತ್ರಿಕೋನದ ಒಳಗಡೆಗೆ, ಎರಡು ಬಿಡಿ ತುದಿ ಚೂಪು ಮೂಲೆಯಿಂದ ಹೊರಗಡೆಗೆ ಅರ್ಧ ಇಂಚು ಇಣುಕೋ ಹಾಗೆ, ಎರಡು ಪದರದ ನಡುವೆ ತೂರ್ಸಿ ಗುಂಡುಸೂಜಿ ಹಾಕಿ. ಒಂದು ನೆಟ್ಟಗೆ ಒಂದು ತಲೆಕೆಳಗೆ ಗೆರೆ ಹಾಕಿರೋದ್ರಿಂದ ಎಲ್ಲಾ ಚೂಪೂ ಪಟ್ಟಿ ಅಂಚಿಗೇ ಬಂದಿರುತ್ತೆ, ರಿಬ್ಬನ್ ತೂರ್ಸೋಕೆ ಸುಲಭ. ಒಳಗಿರೋ ರಿಬ್ಬನ್ ಪಕ್ಕದ ಗೆರೆ ಮೇಲೆ ಬರದ ಹಾಗೆ ಮಧ್ಯಕ್ಕೆ ಸೇರ್ಸಿ ಇನ್ನೊಂದು ಗುಂಡುಸೂಜಿ ಚುಚ್ಚಿ, ಇಲ್ಲಾಂದ್ರೆ ಅದೂ ಹೊಲಿಗೆಗೆ ಸೇರ್ಕೊಂಡು ತಿರುಗಿಸಿದಾಗ ಟ್ರೀ ಗೂನು ಬೀಳುತ್ತೆ.

ಹೊಲಿಗೆ ಬುಡದಿಂದ ಶುರು. ಬುಡದ ಗೆರೆ ಮಧ್ಯದಲ್ಲಿ ಒಂದೂವರೆ ಇಂಚು ಬಾಯಿ ಬಿಡ್ಬೇಕು, ಆ ಬಾಯಿಯ ಒಂದು ಕಡೆಯಿಂದ ಹೊರಟು, ಮೂರು ಮೂಲೆ ಸುತ್ತಿ, ಇನ್ನೊಂದು ಕಡೆಗೆ ಬಂದು ನಿಲ್ಲೋದು. ಶುರುವಲ್ಲಿ ಮತ್ತೆ ಕೊನೇಲಿ ಮೂರು ಹೊಲಿಗೆ ಹಿಂದೆ ಮುಂದೆ ಹೊಡೀರಿ. ಹಳೇ ಮಿಷನ್ನಿಗೆ ರಿವರ್ಸ್ ಇಲ್ಲಾಂದ್ರೆ ಸೂಜಿ ಇಳಿಸಿ, ಫುಟ್ ಎತ್ತಿ, ಬಟ್ಟೇನೇ ತಿರುಗಿಸಿ ಮೂರು ಹೊಲಿಗೆ ಹಾಕಿ ಮತ್ತೆ ತಿರುಗಿಸ್ಕೊಳಿ. ನಿಮ್ ಸ್ಟಾರಲ್ಲಿ ಇದು ಮಾಡಿಲ್ಲ, ಅದಕ್ಕೆ ತುಂಬೋವಾಗ ಬಾಯಿ ದೊಡ್ಡದಾಗ್ತಾ ಹೋಗಿದೆ. ಮೂಲೆ ಹತ್ರ ಬಂದಾಗ ಕಾಲು ತುಳಿಯೋದು ನಿಲ್ಲಿಸಿ, ಕೊನೇ ಎರಡು ಹೊಲಿಗೇನ ಚಕ್ರ ಕೈಯಲ್ಲಿ ತಿರುಗಿಸಿ ಹಾಕಿ. ಚೂಪು ತುದೀಲಿ ಮಾತ್ರ ಹೋದ ತಕ್ಷಣ ತಿರುಗ್ಬೇಡಿ, ತುದೀಲಿ ಅಡ್ಡಕ್ಕೆ ಒಂದೇ ಒಂದು ಹೊಲಿಗೆ ಹಾಕಿ ಆಮೇಲೆ ಕೆಳಗಿಳೀರಿ. ಕೇಳೋಕೆ ವಿಚಿತ್ರ, ಮೊಂಡು ಮಾಡಿದ್ರೆ ಚೂಪಾಗುತ್ತಾ ಅಂತ ನಮ್ ಕ್ಲಾಸಿನ ಹುಡುಗೀರೂ ಕೇಳ್ತಾರೆ, ಆದ್ರೆ ಆ ಒಂದು ಅಡ್ಡ ಹೊಲಿಗೆ ಒಳಗಿನ ಬಟ್ಟೆಗೆ ಕೂರೋಕೆ ಜಾಗ ಕೊಡುತ್ತೆ, ಅದಕ್ಕೇ ಹೊರಗಿಂದ ಚೂಪಾಗಿ ಕಾಣುತ್ತೆ. ಬ್ಲೌಸ್ ಕಾಲರ್ ಹೊಲಿಯೋರು ಇದನ್ನೇ ಮಾಡೋದು.

ಈಗ ಕತ್ತರಿ. ಸುತ್ತ ಕಾಲಿಂಚು ಮಾರ್ಜಿನ್ ಬಿಟ್ಟು ಕತ್ತರಿಸಿ, ಬಾಯಿ ಇರೋ ಕಡೆ ಮಾತ್ರ ಅರ್ಧ ಇಂಚು ಬಿಡಿ, ಒಳಗೆ ಮಡಿಸೋಕೆ ಬೇಕು. ಬುಡದ ಎರಡು ಮೂಲೇಲಿ ಹೊಲಿಗೆಯಿಂದ ಎರಡು ಮಿಲಿಮೀಟರ್ ದೂರದಲ್ಲಿ ಅಡ್ಡಕ್ಕೆ ಕತ್ತರಿಸಿ, ಆಮೇಲೆ ಅದರ ಎರಡು ಪಕ್ಕಾನೂ ಓರೆಯಾಗಿ ತೆಳ್ಳಗೆ ಮಾಡಿ, ಪೆನ್ಸಿಲ್ ಕೆತ್ತೋ ಹಾಗೆ. ತುದೀಲೂ ಹೀಗೇನೇ, ಅಲ್ಲಿ ಹೊರಗೆ ಇಣುಕ್ತಿರೋ ರಿಬ್ಬನ್ ತುದೀನ ಕಾಲಿಂಚಿಗೆ ಕತ್ತರಿಸಿ, ಅದಕ್ಕಿಂತ ಹತ್ರ ಬೇಡ, ಜಾರಿ ಬರುತ್ತೆ. ಹೊಲಿಗೇನೇ ಕಟ್ ಆಯ್ತಾ, ಬೇಜಾರಿಲ್ಲ, ಮತ್ತೆ ಅದರ ಮೇಲೆ ಒಂದು ಸಲ ಹೊಲ್ಕೊಳಿ.

ಆಮೇಲೆ ಬರುತ್ತೆ ನೋಡಿ ಮಜಾ. ಬಾಯಿ ಒಳಗೆ ಎರಡು ಬೆರಳು ಹಾಕಿದ್ರೆ ಆ ರಿಬ್ಬನ್ ಮಡಿಕೆ ಕೈಗೆ ಸಿಗುತ್ತೆ. ಗುಂಡುಸೂಜಿ ತೆಗೆದಿದೀರ ಅಂತ ನೋಡ್ಕೊಂಡು, ಅದನ್ನ ಹಿಡ್ದು ನಿಧಾನಕ್ಕೆ ಹೊರಗೆ ಎಳೀರಿ. ಇಡೀ ಟ್ರೀ ಅದರ ಹಿಂದೇನೇ ತಿರುಗ್ಕೊಂಡು ಬರುತ್ತೆ, ಚೂಪು ತುದಿ ತಾನಾಗೇ ಹೊರಗೆ ಬಂದು ನಿಲ್ಲುತ್ತೆ, ಕತ್ತರಿ ಬೇಡ, ಸೂಜಿ ಬೇಡ. ನೇತಾಕೋ ದಾರಾನೂ ಅದೇ, ತುದಿ ಎಳೆಯೋ ದಾರಾನೂ ಅದೇ. ಇದನ್ನ ಮೊದಲನೇ ಸಲ ಮಾಡಿದಾಗ ನಮ್ ಕ್ಲಾಸಲ್ಲಿ ಒಬ್ಬೊಬ್ರೂ ಓ ಅಂದಿದ್ರು. ಬುಡದ ಎರಡು ಮೂಲೆಗೆ ಮಾತ್ರ ಐಸ್‌ಕ್ರೀಂ ಕಡ್ಡೀನೋ ಪೆನ್ನಿನ ಮುಚ್ಚಳಾನೋ ಹಾಕಿ ಒಳಗಿಂದ ಮೆಲ್ಲಗೆ ಒತ್ತಿ.

ತುಂಬೋದಕ್ಕೆ ದಿಂಬಿಗೆ ಹಾಕೋ ಫೈಬರ್ ಸಾಕು, 30ಕ್ಕೆ ಕಾಲು ಕೆಜಿ ತಗೊಂಡ್ರೆ ನನ್ ಅನುಭವದಲ್ಲಿ ಮಿಗುತ್ತೆ. ಮನೇಲಿ ಹಳೇ ಫೈಬರ್ ದಿಂಬಿದ್ರೆ ಬಿಚ್ಚಿ ಬಿಸಿಲಿಗೆ ಹಾಕಿ, ಕೈಯಲ್ಲಿ ಎಳ್ದೆಳ್ದು ಬಿಡಿಸ್ಕೊಂಡ್ರೆ ಹೊಸದು ಕೊಳ್ಳೋದೇ ಬೇಡ. ಒಂದೇ ಸಲ ಉಂಡೆ ಮಾಡಿ ತುರುಕ್ಬೇಡಿ, ಇಡ್ಲಿ ಆಗೋದು ಹಾಗೇನೇ. ನೆಲ್ಲಿಕಾಯಿ ಗಾತ್ರ ತಗೊಂಡು ಎಳ್ದು ಬಿಡಿಸಿ, ಮೊದಲು ತುದಿಗೆ, ಆಮೇಲೆ ಎರಡು ಮೂಲೆಗೆ, ಕೊನೇಲಿ ಹೊಟ್ಟೆಗೆ. ಮೂಲೆ ಗಟ್ಟಿ, ಹೊಟ್ಟೆ ಮೆತ್ತಗೆ, ಅಷ್ಟು ನೆನಪಿಟ್ಕೊಳಿ. ಹತ್ತಿ ತುಂಬ್ಬಹುದಾ ಅಂತ ಕೇಳೋರಿದಾರೆ, ತುಂಬ್ಬಹುದು, ಆದ್ರೆ ಹತ್ತಿ ತೇವ ಎಳ್ಕೊಂಡು ಗಂಟು ಗಂಟಾಗುತ್ತೆ, ಬೂರುಗದ ಹತ್ತಿ ಅಂತೂ ಬೆಂಕಿ ತಾಗಿದ್ರೆ ಬುಗ್ ಅನ್ನುತ್ತೆ, ಮೇಣದಬತ್ತಿ ಹಚ್ಚೋ ಹಬ್ಬಕ್ಕೆ ಅದು ಬೇಡ್ವೇ ಬೇಡ. ಫೈಬರ್ರೂ ಬೆಂಕಿಗೆ ಕರಗೋದೇ, ಅದಕ್ಕೆ ಯಾವುದೇ ಬಟ್ಟೆ ಅಲಂಕಾರ ಕ್ಯಾಂಡಲ್ ಹತ್ರ ಕಟ್ಬೇಡಿ ಅಂತ ಕೊಡೋವಾಗ ಒಂದು ಮಾತು ಹೇಳಿ.

ಇನ್ನು ಕತ್ತರಿಸಿದ ಚಿಂದಿ ಎಲ್ಲಾ ವೇಸ್ಟ್ ಆಗುತ್ತಲ್ಲ ಅದನ್ನೇ ತುಂಬೋಣ ಅನ್ಸುತ್ತೆ, ನಂಗೂ ಅನ್ಸಿತ್ತು. ಒಂದ್ ವರ್ಷ ಇಲ್ಲೇ ಪರಿಚಯದವ್ರ ಮನೆಗೆ ಗಂಟೆ ಆಕಾರದ್ದು 20 ಹೊಲ್ದು ಕೊಟ್ಟೆ, ಒಳಗೆ ಪೂರ್ತಿ ಚಿಂದಿ. ಕೈಯಲ್ಲಿ ಹಿಡಿದ್ರೆ ಚೆನ್ನಾಗೇ ಇತ್ತು. ಅವ್ರು ಟ್ರೀಗೆ ಸರ್ವೆ ಕೊಂಬೆ ತಂದು ಮಣ್ಣಿನ ಕುಂಡದಲ್ಲಿ ನಿಲ್ಲಿಸಿದ್ರು, ನಮ್ ಕಡೆ ಸರ್ವೆ ತೋಪಿಗೇನು ಬರ, ಎಷ್ಟೋ ಮನೇಲಿ ಅದೇ ಟ್ರೀ. ಸರ್ವೆ ಕಡ್ಡಿ ಎಷ್ಟು ಸಣ್ಣ ಅಂತ ನಿಮಗೂ ಗೊತ್ತು. ಅದರಲ್ಲಿ ಹತ್ತು ಕಟ್ಟೋ ಹೊತ್ತಿಗೆ ಕೊಂಬೆ ಎಲ್ಲಾ ಜೋತು ಬಿದ್ದು ಮಳೇಲಿ ನೆಂದ ಕೋಳಿ ಥರ ನಿಂತ್ಕೊಂಡ್ತು. ಅವ್ರು ಏನೂ ಅನ್ಲಿಲ್ಲ, ಪಾಪ ಉಳಿದ ಹತ್ತನ್ನ ಬಾಗಿಲ ತೋರಣಕ್ಕೆ ಕಟ್ಕೊಂಡ್ರು. ಅವತ್ತಿಂದ ನಾನು ಟ್ರೀಗೆ ಹಾಕೋದಕ್ಕೆ ಚಿಂದಿ ತುಂಬಲ್ಲ.

ಬಾಯಿ ಮುಚ್ಚೋಕೆ ಒಂದು ಉಪಾಯ. ಟ್ರೀಗೆ ಕಾಂಡ ಬೇಕಲ್ವಾ, ಕಂದು ಬಣ್ಣದ ಬಟ್ಟೆ ಎರಡು ಇಂಚು ಅಗಲ ಮೂರು ಇಂಚು ಉದ್ದ, ಅದನ್ನ ಉದ್ದಕ್ಕೆ ಎರಡು ಪಕ್ಕಾನೂ ಒಳಗೆ ಮಡಿಸಿ, ಆಮೇಲೆ ಅರ್ಧಕ್ಕೆ ಮಡಿಸಿದ್ರೆ ಒಂದು ಇಂಚು ಅಗಲದ ಗಟ್ಟಿ ಕಾಂಡ ಆಗುತ್ತೆ, ಅದರ ಬಿಡಿ ತುದೀನ ಬಾಯಿ ಒಳಗೆ ಅರ್ಧ ಇಂಚು ತೂರ್ಸಿ, ಬಾಯಿ ಅಂಚನ್ನ ಒಳಗೆ ಮಡಿಸಿ ಕೈಯಲ್ಲಿ ಹೊಲ್ದುಬಿಡಿ. ಆ ಕಡೆ ಮಡಿಕೆಯಿಂದ ಒಂದು ಎಳೆ, ಈ ಕಡೆ ಮಡಿಕೆಯಿಂದ ಒಂದು ಎಳೆ, ಏಣಿ ಮೆಟ್ಟಿಲ ಥರ ಹಾಕ್ಕೊಂಡು ಹೋಗಿ ಕೊನೇಲಿ ಜಗ್ಗಿದ್ರೆ ದಾರ ಒಳಗೆ ಮಾಯ. ಕಾಂಡ ಇರೋ ಜಾಗದಲ್ಲಿ ಮಾತ್ರ ಸೂಜೀನ ಕಾಂಡದ ಮೂಲಕಾನೇ ಆರಪಾರ ಹಾಯಿಸಿ. ಕೆಲವ್ರು ಕಾಂಡಕ್ಕೆ ಅಡುಗೆ ಚಕ್ಕೆ ತುಂಡು ಸಿಕ್ಕಿಸ್ತಾರೆ, ಘಮ್ ಅನ್ನುತ್ತೆ, ದೊಡ್ಡವ್ರಿಗೆ ಕೊಡೋದಾದ್ರೆ ಮಾಡಿ, ಮಕ್ಕಳು ಬಾಯಿಗೆ ಹಾಕ್ಕೊಂಡು ಕಡೀತಾರೆ.

ಮಕ್ಕಳ ವಿಷ್ಯ ಬಂತಲ್ಲ, ಹೇಳ್ಬಿಡ್ತೀನಿ. ಸಂಡೇ ಸ್ಕೂಲಿಗೆ ಅಕ್ಕನ ಜೊತೆ ಎರಡು ವರ್ಷದ ತಂಗೀನೂ ಬಂದಿರ್ತಾಳೆ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಹೋಗೋದ್ರಲ್ಲಿ ಗುಂಡಿ, ಮಣಿ, ಪುಟ್ಟ ಗೆಜ್ಜೆ ಯಾವುದೂ ಇರ್ಬಾರ್ದು, ಕಿತ್ಕೊಂಡು ನುಂಗಿದ್ರೆ ಗಂಟಲಿಗೆ ಸಿಕ್ಕಾಕೊಳುತ್ತೆ. ನೀವು ಗಟ್ಟಿಯಾಗೇ ಹೊಲ್ದಿರ್ತೀರ, ಆದ್ರೂ ಬೇಡ. ಬಣ್ಣ ಬೇಕಾದ್ರೆ ಹೊಲಿಯೋಕೆ ಮುಂಚೆ ಮೇಲಿನ ಪದರಕ್ಕೆ ಲೇಸ್ ತುಂಡೋ, ಸೀರೆ ಬಾರ್ಡರ್ರೋ ಅಡ್ಡಡ್ಡಕ್ಕೆ ಹೊಲ್ಕೊಳಿ, ಟ್ರೀಗೆ ಸೀರಿಯಲ್ ಲೈಟ್ ಸುತ್ತಿದ ಹಾಗೇ ಕಾಣುತ್ತೆ. ಮತ್ತೆ ಕೊನೇಲಿ ಗುಂಡುಸೂಜಿ ಎಣಿಸಿ. ತಮಾಷೆಗೆ ಹೇಳ್ತಿಲ್ಲ, ಕೆಲಸ ಶುರು ಮಾಡೋವಾಗ ಎಷ್ಟಿತ್ತೋ ಮುಗಿದಾಗ ಅಷ್ಟೇ ಇರ್ಬೇಕು, ಒಂದು ಕಮ್ಮಿ ಆದ್ರೂ ಎಲ್ಲಾ ಟ್ರೀಗಳನ್ನೂ ಒತ್ತಿ ನೋಡಿ.

ಬಟ್ಟೆಗೆ ಬರೋಣ. ಕೆಂಪು ಹಸಿರು ಎರಡೂ ಬಣ್ಣ ಬಿಡೋ ಜಾತಿ. ಬಿಳಿ ಬಟ್ಟೆ ತುಂಡು ಒದ್ದೆ ಮಾಡಿ ಆ ಕೆಂಪಿನ ಮೇಲೆ ಗಟ್ಟಿಯಾಗಿ ಉಜ್ಜಿ ನೋಡಿ, ಬಿಳಿ ಗುಲಾಬಿ ಆದ್ರೆ ಆ ಬಟ್ಟೇನ ನೀರು ತಿಳಿಯಾಗೋವರ್ಗೂ ಒಗೀಬೇಕು. ಉಪ್ಪು ಹಾಕಿ ನೆನೆಸಿದ್ರೆ ಬಣ್ಣ ನಿಂತ್ಕೊಳುತ್ತೆ ಅಂತ ಎಲ್ರ ಮನೇಲೂ ಹೇಳ್ತಾರೆ, ನಮ್ಮಮ್ಮಾನೂ ಹೇಳ್ತಿದ್ರು, ಬಿಡೋ ಬಣ್ಣ ಉಪ್ಪಿಗೆ ಹೆದರಲ್ಲ. ನಾಲ್ಕು ಸಲ ಒಗೆದ್ರೂ ಬಿಡ್ತಿದ್ರೆ ಆ ಬಟ್ಟೆ ಬಿಟ್ಟಾಕಿ, ನಿಮ್ಮತ್ರ ಹಳೇ ಸೀರೆ ಇದೆಯಲ್ಲ, ಹತ್ತಾರು ವರ್ಷ ಒಗೆಸ್ಕೊಂಡು ಬಿಡೋ ಬಣ್ಣ ಎಲ್ಲಾ ಬಿಟ್ಟಾಗಿರುತ್ತೆ, ಕುಗ್ಗೋದೆಲ್ಲಾ ಕುಗ್ಗಿರುತ್ತೆ, ಅದೇ ಒಳ್ಳೇದು. ನಮ್ಮಜ್ಜಿ ಬೊಂತೆ, ಅಂದ್ರೆ ಕೌದಿ, ಹೊಲಿಯೋವಾಗ ಸೀರೇನ ಬಾಗಿಲ ಬೆಳಕಿಗೆ ಹಿಡ್ದು ನೋಡೋರು, ನೀವೂ ಹಾಗೇ ಹಿಡ್ದು ನೋಡಿ, ನೆರಿಗೆ ಬರೋ ಜಾಗ, ಕೂರೋ ಜಾಗ ಜಾಳಾಗಿರುತ್ತೆ, ಅಲ್ಲಿ ಹೊಲಿಗೆ ನಿಲ್ಲಲ್ಲ. ಸೆರಗು ಮತ್ತೆ ಬಾರ್ಡರ್ ಪಕ್ಕದ ಬಟ್ಟೆ ಗಟ್ಟಿ. ಹಸಿರೇ ಬೇಕು ಅಂತೇನಿಲ್ಲ, ಕಂದು ಚೌಕಳಿ, ಅರಿಶಿನ, ನೀಲಿ, ಯಾವುದಾದ್ರೂ ಸರಿ, ತ್ರಿಕೋನಕ್ಕೆ ಕೆಳಗೊಂದು ಕಾಂಡ ಬಂತಂದ್ರೆ ಎಲ್ರಿಗೂ ಟ್ರೀ ಅಂತ ಗೊತ್ತಾಗುತ್ತೆ.

ರೇಷ್ಮೆ ಬ್ಲೌಸ್ ಪೀಸ್ ಆಫೀಸಿನವ್ರಿಗೆ ಇಟ್ಕೊಳಿ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ ಪಕ್ಕದಲ್ಲೇ ಇಟ್ಕೊಂಡು ನಮಗೇ ರೇಷ್ಮೆ ಹೊಲಿಯೋಕೆ ಹೆದರಿಕೆ, ಯಾಕಂದ್ರೆ ಕತ್ತರಿಸಿದ ತಕ್ಷಣ ಅಂಚು ಎಳೆ ಎಳೆ ಬಿಟ್ಕೊಂಡು ಹೋಗುತ್ತೆ. ಕಾಲಿಂಚು ಮಾರ್ಜಿನ್ ಬಿಟ್ರೆ ತಿರುಗಿಸೋ ಹೊತ್ತಿಗೆ ಅರ್ಧ ಉದುರೋಗಿರುತ್ತೆ. ಅದಕ್ಕೆ ಟೈಲರಿಂಗ್ ಸಾಮಾನಿನ ಅಂಗಡೀಲಿ ಇಸ್ತ್ರಿ ಮಾಡಿದ್ರೆ ಅಂಟ್ಕೊಳೋ ತೆಳ್ಳನೆ ಫ್ಯೂಸಿಂಗ್ ಸಿಗುತ್ತೆ, ಕಾಲರಿಗೆ ಹಾಕೋ ದಪ್ಪದ್ದಲ್ಲ, ಅದನ್ನ ರೇಷ್ಮೆ ಉಲ್ಟಾ ಸೈಡಿಗೆ ಅಂಟಿಸ್ಕೊಂಡು ಆಮೇಲೆ ಗೆರೆ ಹಾಕಿ. ಸೂಜಿ 11 ನಂಬರ್. ಇಸ್ತ್ರಿ ಉಲ್ಟಾ ಕಡೆಯಿಂದ, ಕಮ್ಮಿ ಬಿಸೀಲಿ. ರೇಷ್ಮೇನೋ ಪಾಲಿಸ್ಟರ್ರೋ ಡೌಟ್ ಇದ್ರೆ ಎರಡು ಎಳೆ ಬಿಚ್ಚಿ ಕಡ್ಡಿ ಗೀರಿ ನೋಡಿ, ಕೂದಲು ಸುಟ್ಟ ವಾಸನೆ ಬಂದು ಪುಡಿಯಾದ್ರೆ ರೇಷ್ಮೆ, ಕರಗಿ ಗಟ್ಟಿ ಮಣಿ ಥರ ಆದ್ರೆ ಪಾಲಿಸ್ಟರ್. ಎಷ್ಟೋ ಜನ ಗಿಫ್ಟ್ ಬಂದ ಬ್ಲೌಸ್ ಪೀಸನ್ನ ರೇಷ್ಮೆ ಅಂತಾನೇ ಅಂದ್ಕೊಂಡು ಬೀರೂಲಿ ಇಟ್ಟಿರ್ತಾರೆ, ಪರೀಕ್ಷೆ ಮಾಡಿ ಬೇಜಾರಾದ್ರೆ ನನ್ನ ಬೈಬೇಡಿ. ಜರಿ ಬಾರ್ಡರ್ ಇದ್ರೆ ಟ್ರೀಯ ಬುಡಕ್ಕೆ ಬರೋ ಹಾಗೆ ಇಟ್ಟು ಗೆರೆ ಹಾಕಿ, ಬೇರೆ ಯಾವ ಅಲಂಕಾರಾನೂ ಬೇಡ.

ಟೈಮ್ ಕಮ್ಮಿ ಅಂದ್ರಲ್ಲ, ನಿಮಗೆ ಸಿಕ್ಕಿರೋ ಟೈಮ್ ಇರೋದು ಟ್ರೈನಲ್ಲಿ. ಮಾರಿಕುಪ್ಪಂ ಗಾಡೀಲಿ ಸೀಟ್ ಸಿಕ್ತು ಅಂದ್ರೆ ಬೆಂಗಳೂರು ಮುಟ್ಟೋವರ್ಗೂ ಕೈ ಖಾಲಿ. ಅಲ್ಲಿಗೆ ಫೆಲ್ಟ್ ಶೀಟು ಸರಿ. ಸ್ಕೂಲ್ ಪ್ರಾಜೆಕ್ಟಿಗೆ ತರ್ತಾರಲ್ಲ, ಅದೇ. ಅದರ ಅಂಚು ಬಿಚ್ಕೊಳಲ್ಲ, ಅದಕ್ಕೇ ತಿರುಗಿಸೋ ತಾಪತ್ರಯಾನೇ ಇಲ್ಲ, ಎರಡು ಪದರ ಇಟ್ಟು ಹೊರಗಡೆಯಿಂದಾನೇ ಹೊಲಿಯೋದು. ಮನೇಲೇ ಆಕಾರ ಕತ್ತರಿಸ್ಕೊಂಡು ಟಿಫನ್ ಡಬ್ಬಿಗೆ ಹಾಕ್ಕೊಳಿ, ಸೂಜಿಗೆ ಮೊಳದುದ್ದ ದಾರ ಪೋಣಿಸಿ ಫೆಲ್ಟಿಗೇ ಸಿಕ್ಕಿಸಿಡಿ. ಇಲ್ಲಿ ನಿಮ್ ಸ್ಟಾರ್ ಆಸೆ ತೀರಿಸ್ಕೊಳಿ ಬೇಕಾದ್ರೆ, ತಿರುಗಿಸೋದಿಲ್ವಲ್ಲ, ಹತ್ತು ಮೂಲೇನೂ ಕತ್ತರಿ ಹೆಂಗೆ ಕತ್ತರಿಸ್ತೋ ಹಂಗೇ ಚೂಪಾಗಿ ಉಳ್ಕೊಳುತ್ತೆ. ದಾರ ಎಂಬ್ರಾಯಿಡರಿದು, ಆರು ಎಳೆ ಇರುತ್ತೆ, ಅದರಲ್ಲಿ ಮೂರು ಎಳೆ ಬೇರೆ ಮಾಡಿ ತಗೊಳಿ. ಹೊಲಿಗೆ ಬ್ಲ್ಯಾಂಕೆಟ್ ಸ್ಟಿಚ್, ಗುಂಡಿ ತೂತಿಗೆ ಹಾಕೋ ಕಾಜಾ ಹೊಲಿಗೆ ಬರುತ್ತೆ ಅಂದ್ರೆ ಅದನ್ನೇ ಸ್ವಲ್ಪ ದೂರ ದೂರ ಹಾಕೋದು ಅಷ್ಟೇ. ಸೂಜಿ ಹಿಂದಿನಿಂದ ಬಂದಾಗ ಅದರ ಕೆಳಗೆ ದಾರ ಇರ್ಬೇಕು, ಎಳೆದಾಗ ಅಂಚಲ್ಲಿ ಒಂದು ಗೆರೆ ಬೀಳುತ್ತೆ. ಒಂದೊಂದು ಹೊಲಿಗೆ ಮಧ್ಯ ಒಂದು ಗೋಧಿ ಕಾಳಿನಷ್ಟು ದೂರ. ಕೊನೇ ಒಂದು ಇಂಚು ಬಿಟ್ಟು ಹಾಗೇ ಮನೆಗೆ ತನ್ನಿ, ಫೈಬರ್ ತುಂಬೋದು ಮುಚ್ಚೋದು ಮನೇಲೇ, ಟ್ರೈನಲ್ಲಿ ಫೈಬರ್ ಬಿಚ್ಚಿದ್ರೆ ಗಾಳಿಗೆ ಪಕ್ಕದವ್ರ ಮೈಮೇಲೆಲ್ಲಾ ಹಿಮ ಬೀಳುತ್ತೆ. ಫೆಲ್ಟ್ ಮೇಲೆ ಬಿಸಿ ಇಸ್ತ್ರಿ ಇಡ್ಬೇಡಿ, ಅದೂ ಪಾಲಿಸ್ಟರ್ರೇ ಬಹುಪಾಲು, ಕರಗಿ ಪೆಟ್ಟಿಗೆಗೆ ಅಂಟುತ್ತೆ.

ಮಿಕ್ಕಿದ ಸೀರೆ ಚೂರುಗಳಿಗೆ ಇನ್ನೊಂದು ಇದೆ, ಮಿಷನ್ನೇ ಬೇಡ. ಡಬ್ಬಿ ಮುಚ್ಚಳ ಇಟ್ಟು ದುಂಡಗೆ ಕತ್ತರಿಸಿ, ಅಂಚನ್ನ ಕಾಲಿಂಚು ಮಡಿಸ್ತಾ ಸುತ್ತಲೂ ದೊಡ್ಡ ದೊಡ್ಡ ಓಟದ ಹೊಲಿಗೆ ಹಾಕಿ ದಾರ ಜಗ್ಗಿದ್ರೆ ಚೀಲದ ಬಾಯಿ ಥರ ಮುಚ್ಕೊಂಡು ನೆರಿಗೆ ನೆರಿಗೆಯಾದ ಬಿಲ್ಲೆ ಆಗುತ್ತೆ. ನಾಲ್ಕಿಂಚಿನ ಬಟ್ಟೆ ಕತ್ತರಿಸಿದ್ರೆ ಬಿಲ್ಲೆ ಎರಡಿಂಚಿಗೂ ಸ್ವಲ್ಪ ಕಮ್ಮಿ ಬರುತ್ತೆ. ದೊಡ್ಡದ್ರಿಂದ ಚಿಕ್ಕದಕ್ಕೆ ಆರೇಳು ಬಿಲ್ಲೆ ಒಂದರ ಮೇಲೊಂದು ದಾರದಲ್ಲಿ ಪೋಣಿಸಿದ್ರೆ ಅದೂ ಒಂದು ಟ್ರೀ. ಆಫೀಸ್ ಟೇಬಲ್ ಮೇಲೆ ಚೆನ್ನಾಗಿರುತ್ತೆ, ಆದ್ರೆ ಬೆರಳು ನೋಯುತ್ತೆ, 30 ಮಾಡೋಕೆ ಹೋಗ್ಬೇಡಿ.

ಕೆಲಸ ಹೆಂಗೆ ಹಂಚ್ಕೊಳೋದು ಅಂದ್ರೆ, ಒಂದು ಟ್ರೀ ಶುರು ಮಾಡಿ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಅಂತ ಮಾಡಿದ್ರೆ ಡಿಸೆಂಬರ್ 24ರ ರಾತ್ರೀನೂ ಮುಗಿಯಲ್ಲ. ಮೊದಲು ಒಂದೇ ಒಂದು ಟ್ರೀ ಪೂರ್ತಿ ಮಾಡಿ ನೋಡಿ, ಅಳತೆ ಹೊಲಿಗೆ ಎಲ್ಲಾ ಸರಿ ಅನ್ಸಿದ ಮೇಲೆ ಗುಂಪಲ್ಲಿ ಮಾಡಿ. ಒಂದು ಭಾನುವಾರ ಚರ್ಚ್ ಮುಗಿಸ್ಕೊಂಡು ಬಂದು ಗೆರೆ, ರಿಬ್ಬನ್, ಮಿಷನ್ ಹೊಲಿಗೆ ಮೂವತ್ತಕ್ಕೂ ಮುಗಿಸಿ, ಎಲ್ಲಾ ನೇರ ಹೊಲಿಗೆ ಅಲ್ವಾ, ಮಿಷನ್ ಮುಂದೆ ಕೂರೋದು ಎರಡು ಗಂಟೆ ಅಷ್ಟೆ. ವಾರದ ದಿನ ರಾತ್ರಿ ಟಿವಿ ಮುಂದೆ ಕತ್ತರಿಸೋದು, ತಿರುಗಿಸೋದು. ತುಂಬೋ ಕೆಲಸಕ್ಕೆ ನಿಮ್ಮನೆಯವ್ರನ್ನ ಕೂರಿಸಿ, ಇಡ್ಲಿ ಅಂದ ಬಾಯಿಗೆ ಕೈಗೂ ಒಂಚೂರು ಕೆಲಸ ಬೇಕು. ಬಾಯಿ ಮುಚ್ಚೋ ಕೈಹೊಲಿಗೆ ಒಂದಕ್ಕೆ ಐದಾರು ನಿಮಿಷ, ದಿನಾ ಐದೈದು ಮಾಡಿ. ಡಿಸೆಂಬರ್ ಎರಡನೇ ವಾರದೊಳಗೆ ಮುಗಿಸ್ಕೊಳಿ, ಆಮೇಲೆ ಕಲ್‌ಕಲ್, ರೋಸ್ ಕುಕ್ಕೀಸ್ ಅಂತ ಎಣ್ಣೆ ಕೈ ಆಗುತ್ತೆ, ರಾತ್ರಿ ಕ್ಯಾರಲ್ಸಿನವ್ರು ಮನೆಗೆ ಬರ್ತಾರೆ, ಎಣ್ಣೆ ಕೈಯಲ್ಲಿ ಬಟ್ಟೆ ಮುಟ್ಟಿದ್ರೆ ಕಲೆ ಹೋಗಲ್ಲ.

ಕೊಡೋವಾಗ ಪ್ಲಾಸ್ಟಿಕ್ ಕವರಿಗೆ ಹಾಕೋ ಬದ್ಲು ಒಂದು ಕಾರ್ಡಿಗೆ ತೂತು ಮಾಡಿ ಆ ರಿಬ್ಬನ್ನಲ್ಲೇ ಕಟ್ಟಿ, ಕಾರ್ಡ್ ಮೇಲೆ ಮಗು ಹೆಸ್ರು ಬರೀರಿ. ಹೆಸ್ರನ್ನ ಬಟ್ಟೆ ಮೇಲೆ ಎಂಬ್ರಾಯಿಡರಿ ಮಾಡ್ತೀನಿ ಅಂತ ಹೊರಟ್ರೆ ನಿಮ್ ಕಥೆ ಮುಗೀತು. ಮತ್ತೆ 30 ಅಲ್ಲ, ಪಟ್ಟೀಲಿ ಬರೋ 32ನ್ನೂ ಹೊಲೀರಿ, ಹಂಚೋ ದಿನ ಲಿಸ್ಟಲ್ಲಿ ಇಲ್ದಿರೋ ಒಬ್ರಿಬ್ರು ಮಕ್ಕಳು ಬಂದೇ ಬರ್ತಾರೆ.

ಆ ಇಡ್ಲಿ ಸ್ಟಾರನ್ನ ಬಿಸಾಕ್ಬೇಡಿ. ಬಿಟ್ಕೊಂಡಿರೋ ಪಕ್ಕಾನ ಕೈಯಲ್ಲಿ ಹೊಲ್ದು, ಇನ್ನೊಂದಿಷ್ಟು ಫೈಬರ್ ತುರುಕಿ ಗಟ್ಟಿ ಮಾಡಿ, ಮಿಷನ್ ಪಕ್ಕ ಇಟ್ಕೊಳಿ. ಗುಂಡುಸೂಜಿ ಚುಚ್ಚಿಡೋಕೆ ಗುಂಡಗಿರೋದೇ ಅನುಕೂಲ.